ಅಂಗಾಲಿನ ಕನ್ನಡಿ

ಮುನಿವೆಂಕಟಮ್ಮನ ಗಾಯ ಮೊದಲು ಕಂಡದ್ದು ಒಂದು ನಾಯಿಗೆ.
ಕಲಾಸಿಪಾಳ್ಯದ ತಿರುವಿನಲ್ಲಿ ಸೊಪ್ಪಿನ ಮಂಕರಿ ಇಳಿಸಿ ಕೂತವಳ
ಚಪ್ಪಲಿ ಮೂಸಿ, ಗದರಿದರೂ ಹೋಗದೆ ನಿಂತಿತಂತೆ.
ಮೊಳೆ ಹೊಕ್ಕು ಎಷ್ಟು ದಿನವಾಗಿತ್ತೋ.
"ಒದ್ದೆ ಆಗಿತ್ತಕ್ಕಾ, ಸೊಪ್ಪಿಗೆ ಚಿಮುಕ್ಸಿದ ನೀರು ಅಂದ್ಕಂಡೆ."

ನಾನು ಡ್ರೆಸ್ಸಿಂಗ್ ರೂಮಿನವಳು.
ಇಪ್ಪತ್ತಾರು ವರ್ಷದಿಂದ ಜನರ ನೋವು ಕೇಳಿ ಕೇಳಿ
ಕೈ ಹದ ಮಾಡಿಕೊಂಡವಳು:
ಅಮ್ಮಾ ಎಂದರೆ ನಿಲ್ಲಿಸು, ಹಲ್ಲು ಕಚ್ಚಿದರೆ ಬೇಗ ಮುಗಿಸು.
ಇವಳು ಆಕಳಿಸಿದಳು.
ಡಾಕ್ಟರು ಸತ್ತ ಮಾಂಸ ಕತ್ತರಿಸುತ್ತಿದ್ದರೆ
ಕೊತ್ತಂಬರಿ ಕಟ್ಟು ಮೂವತ್ತಾಯಿತು ಎಂದಳು.
ನನ್ನ ಕೈಗೆ ದಾರಿ ತಪ್ಪಿತು.

ಮೊದಲು ಧನ್ವಂತರಿ ರಸ್ತೆಗೆ ಹೋಗಿದ್ದಳು.
ಅಲ್ಲಿಯ ಎಳೆಯ ವೈದ್ಯ ತ್ರಿಫಲೆಯ ಕಷಾಯದಲ್ಲಿ ತೊಳೆದು
ಜಾತ್ಯಾದಿ ಎಣ್ಣೆಯ ಬತ್ತಿ ಇಟ್ಟು
ಚೀಟಿಯಲ್ಲಿ ಬರೆದಿದ್ದ: ವ್ರಣ, ಎರಡು ಅಂಗುಲ.
ಕೆಳಗೆ, ಬೇರೆ ಮಸಿಯಲ್ಲಿ:
ಕಿರುಬೆರಳು ಕಪ್ಪಾಗುತ್ತಿದೆ. ಇವತ್ತೇ ವಿಕ್ಟೋರಿಯಾಗೆ.
ಆಟೋಗೆ ದುಡ್ಡೂ ಅವನೇ ಕೊಟ್ಟನಂತೆ.

"ಎಣ್ಣೆ ಯಾರು ಹಾಕಿದ್ದು?" ಡಾಕ್ಟರ್ ಫರ್ಹಾನಾ ಮೂಗು ಮುರಿದರು.
ಚೀಟಿ ಓದಿದ ಮೇಲೆ ಬೈಯಲಿಲ್ಲ.

ಬೆರಳು ಹೋಯಿತು. ಪಾದ ಉಳಿಯಿತು.
ಆಮೇಲೆ ಸಲೈನು, ಗಾಜ್ ಬಟ್ಟೆ, ಇನ್ಸುಲಿನ್ನು,
ಕಾಗದದ ಸ್ಕೇಲಿನಲ್ಲಿ ಸೆಂಟಿಮೀಟರು:
ನಾಲ್ಕೂವರೆ. ನಾಲ್ಕು. ನಾಲ್ಕು. ಮತ್ತೆ ನಾಲ್ಕು.
ಗಾಯಕ್ಕೂ ಹಟ ಇರುತ್ತದೆ.
ಏಳನೇ ವಾರ ತಳದಲ್ಲಿ ಸಣ್ಣ ಸಣ್ಣ ಕೆಂಪು ಮಣಿ.
ಸ್ಟೀಲ್ ಟ್ರೇ ಒರೆಸಿ ಅಂಗಾಲಿಗೆ ಹಿಡಿದು ತೋರಿಸಿದೆ.
ಬಗ್ಗಿ ನೋಡಿದಳು, ಗಿರಾಕಿ ನೋಡುವ ಹಾಗೆ.
"ಕೆಂಪು ದಂಟು ಮೊಳ್ತಂಗೈತೆ."

ಹತ್ತೊಂಬತ್ತನೇ ವಾರ ಮುಚ್ಚಿತು.
ಅದೇ ಚೀಟಿಯ ಹಿಂದೆ ಡಾಕ್ಟರು ವೈದ್ಯನಿಗೆ ಬರೆದರು:
ಮಾಯ್ದಿದೆ. ಸರಿಯಾದ ಹೊತ್ತಿಗೆ ಕಳಿಸಿದಿರಿ.
ಎಣ್ಣೆಯ ವಿಷಯ ಇನ್ನೊಮ್ಮೆ ಜಗಳಾಡೋಣ.

ಹೊಸ ಚರ್ಮ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.
ಹತ್ತಿ ತಾಕಿಸಿ ಕೇಳಿದೆ, ತಿಳೀತಾ?
ಇಲ್ಲ.
ಇಲ್ಲಿ? ಇಲ್ಲ.
ಮರಗಟ್ಟಿದ್ದು ಮರಳುವುದಿಲ್ಲ ಎಂದು ಗೊತ್ತಿತ್ತು;
ಆದರೂ ಕೇಳಿದೆ.

ಈಗ ಅವಳ ಬಳಿ ನಲವತ್ತು ರೂಪಾಯಿಯ ಕನ್ನಡಿ ಇದೆ.
ದಿನಾ ರಾತ್ರಿ ಉಳಿದ ಸೊಪ್ಪಿಗೆ ಗೋಣಿ ಹೊದಿಸಿ
ಬಲ್ಬಿನ ಕೆಳಗೆ ಕೂತು, ಅರವತ್ತು ವರ್ಷ
ಒಮ್ಮೆಯೂ ನೋಡದ ಅಂಗಾಲು ನೋಡುತ್ತಾಳೆ.
"ಬೇರೆ ಯಾರ್ದೋ ಕಾಲು ಇದ್ದಂಗೈತಕ್ಕಾ.
ಅದುಕ್ಕೇ ಚೆಂದಾಗಿ ನೋಡ್ಕತೀನಿ."