ಮಳೆಯಲ್ಲದ್ದು

ಲ್ಯಾನ್ಸ್‌ಡೌನ್ ಕಟ್ಟಡ ಕುಸಿಯುವ ಹಿಂದಿನ ಬೇಸಿಗೆ
ಹಳೇ ಪುಸ್ತಕದ ಅಂಗಡಿಯಲ್ಲಿ, ರೇಡಿಯೋ ರಿಪೇರಿಯ ಕೈಪಿಡಿಯೊಳಗೆ
ಈ ಚಿತ್ರ ಸಿಕ್ಕಿತು, ಕೈಪಿಡಿಯ ನಲವತ್ತು ರೂಪಾಯಿಯಲ್ಲೇ.
ಜಪಾನಿನದೋ, ಜಪಾನಿನ ಹಾಗೆ ಇನ್ನೆಲ್ಲೋ ಒತ್ತಿದ್ದೋ,
ಮೂಲೆಯ ಕೆಂಪು ಮುದ್ರೆ ಓದಲು ನನಗೆ ಬಾರದು.

ಕಡಿದಾದ ಎರಡು ಬಂಡೆ. ನಡುವೆ ತಲೆಕೆಳಗಾಗಿ ನೀರು.
ಮೇಲೆ ಮಸಿ ಮೋಡ, ಓರೆ ಮಳೆ.
ತೂಗುಸೇತುವೆಯಲ್ಲಿ ಮೂವರು, ಹುಣಸೆಬೀಜದಷ್ಟು,
ನಮ್ಮ ಕಂಬಳಿ ಕೊಪ್ಪೆಯಂಥದೇ, ಹುಲ್ಲಿನದು, ಹೊದ್ದು
ಬೆನ್ನು ಬಾಗಿಸಿ.
ಹನ್ನೆರಡು ವರ್ಷ ನೋಡಿದೆ,
ಗಗನಚುಕ್ಕಿಗೆ ಹೋದವರು ಅಬ್ಬಾ ಅಂದು
ಸೌತೆಕಾಯಿ ತಿಂದು ಬಸ್ಸು ಹತ್ತಿದ ಹಾಗೆ.

ಹಿಂದಿನ ರಟ್ಟಿಗೆ ಗೆದ್ದಲು ಹತ್ತಿತು.
ಮಂಡಿ ಮೊಹಲ್ಲಾದ ನಸ್ರುಲ್ಲಾ ಸಾಹೇಬರ ಅಂಗಡಿಗೆ ಒಯ್ದೆ.
ಬೀಟೆಯಲ್ಲಿ ಅರಮನೆ ಕೂರಿಸಿ ಕೂರಿಸಿ
ಬಲಗಣ್ಣು ಮಂಜಾದವರು; ಈಗ ಬರೀ ಕಟ್ಟು ಹಾಕುತ್ತಾರೆ.
ಗಾಜು ತೆಗೆದು, ಮೂಗಿನ ಹತ್ತಿರ ಹಿಡಿದು,
ಆಕಾಶ ನೋಡಿ ಅಂದರು: "ಒಳ್ಳೇ ಹಲಗೆ."

ಅವರ ಉಗುರು ಹೋದ ದಾರಿಯಲ್ಲಿ
ಆಕಾಶದ ತುಂಬ ಮರದ ಎಳೆ.
ಒಂದು ಗಂಟು, ಗಂಟಿನ ಸುತ್ತ ಸುಳಿ;
ನಾನು ಗಾಳಿ ಅಂದುಕೊಂಡಿದ್ದು.

"ಮಳೆ ಕೆತ್ತಿಲ್ಲ ಮೇಡಂ ಇವನು.
ಮಳೆ ಅಲ್ಲದ್ದನ್ನೆಲ್ಲ ಕೆತ್ತಿ ಬಿಸಾಕವ್ನೆ.
ಒಂದ್ ಗೆರೆ ಮುರೀತಾ, ಮೋಡದಿಂದ ಮತ್ತೆ ಶುರು."

ಜಲಪಾತದ ಮೇಲಿಟ್ಟ ಬೆರಳು ಬಹಳ ಹೊತ್ತು ತೆಗೆಯಲಿಲ್ಲ.
ಅಲ್ಲಿ ಬಣ್ಣವೇ ಇರಲಿಲ್ಲ, ಬರೀ ಕಾಗದ.
"ಬಿಳುಪು ಬೇಕಂದ್ರೆ ನಮ್ಮಪ್ಪನ ಕಾಲಕ್ಕೆ ದಂತ,
ನನ್ ಕಾಲಕ್ಕೆ ಪ್ಲಾಸ್ಟಿಕ್ಕು.
ಇವನು ಏನೂ ಮಾಡದೆ ಬಿಟ್ಟವ್ನೆ, ನೋಡಿ,
ಹೆಂಗೆ ಸುರೀತೈತೆ."

ತಿರುಗಿಸಿದರು.
ಹಿಂಬದಿಯಲ್ಲಿ ಮಳೆ ಉಲ್ಟಾ ದಿಕ್ಕಿಗೆ ಓರೆ,
ಬಂಡೆ ಸೊಳ್ಳೆಪರದೆಯಾಚೆಯ ಮುಖದಂತೆ ಮಸಕು,
ಉಜ್ಜಿದವನ ಕೈ ಮಾತ್ರ ಸುತ್ತು ಸುತ್ತಾಗಿ ಮಿರುಗುತ್ತಿತ್ತು.
ಇಲ್ಲಿ ಅವಸರ. ಇಲ್ಲಿ ಮೊಣಕೈ ನೋವು.
ಇಲ್ಲಿ ಯಾರೋ ಊಟಕ್ಕೆ ಕರೆದಿರಬೇಕು.
ನಾಡಿ ಹಿಡಿದವರ ಹಾಗೆ ಹೇಳುತ್ತಾ ಹೋದರು.

ಮೂರನೆಯವನ ಕೊಪ್ಪೆಯ ಹಳದಿ
ನೂಲೆಳೆಯಷ್ಟು ಗೆರೆಯಾಚೆ ಜಾರಿತ್ತು.
"ತಪ್ಪಲ್ವಾ?" ಅಂದೆ.
"ಗೆರೆ ಅಲ್ಲೇ ನಿಂತೈತೆ, ಮನುಷ್ಯ ಒಂದೆಜ್ಜೆ ಮುಂದೆ ಹೋಗವ್ನೆ.
ನಾನು ನಾಲ್ಕು ಸಾವಿರ ಅರಮನೆ ಮಾಡ್ದೆ ಮೇಡಂ,
ಒಂದರ ಬಾಗಿಲಲ್ಲೂ ಒಬ್ಬರನ್ನ ಇಡ್ಲಿಲ್ಲ.
ಆರ್ಡರಲ್ಲಿ ಇರ್ಲಿಲ್ಲ."

ಆರುನೂರ ನಲವತ್ತು, ಗುರುವಾರ ಬನ್ನಿ ಅಂದರು.
ಗುರುವಾರ ಹೋದೆ. ಆಗಿರಲಿಲ್ಲ.
ಬೆಣ್ಣೆಕಾಗದದ ಕೆಳಗೆ ಸೇತುವೆ ಹಾಗೇ ಮಲಗಿತ್ತು,
ಪಕ್ಕದಲ್ಲಿ ಹೆಬ್ಬೆರಳಿನಷ್ಟು ಬೀಟೆಯ ಚೂರು:
ಬಾಗಿದ ಒಂದು ಬೆನ್ನು. ಅಷ್ಟೇ.
ಸಾಹೇಬರು ಅದರ ಮೇಲೆ ಹೊಟ್ಟು ಎಳೆದು ಮುಚ್ಚಿದರು,
ಊದುಬತ್ತಿ ಸೇದುವ ಹುಡುಗ ಸಿಕ್ಕಿಬಿದ್ದಂತೆ ನಕ್ಕು
"ಸೋಮವಾರ" ಅಂದರು.

ಹೊರಗೆ ಕಣ್ಣು ಕುಕ್ಕುವ ಬಿಸಿಲು.
ಆಟೋದವನು ಎಲ್ಲಿಗೆ ಅಂದ.
ಹೇಳಲು ತುಸು ತಡವಾಯಿತು.