ಕೊಡುತ್ತೆ, ಕುಡಿಯುತ್ತೆ

ಹರಿಹರದ ಬಂಕಿನಲ್ಲಿ ಯಾರ ಗಾಡಿ ನಿಂತರೂ
ಯಾರೋ ಒಬ್ಬರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು
ಎಮ್ಮೆಯ ಬೆನ್ನು ಸವರಿದ ಹಾಗೆ ಕೇಳುತ್ತಿದ್ದರು:
"ಎಷ್ಟು ಕೊಡುತ್ತೆ?"

ಇಲ್ಲಿ, ಜೀಲಾಂಗಿನಲ್ಲಿ, ಲೆಕ್ಕ ತಿರುಗುಮುರುಗು.
ನೂರು ಕಿಲೋಮೀಟರಿಗೆ ಎಷ್ಟು ಲೀಟರು?
ಅಂದರೆ, ಎಷ್ಟು ಕುಡಿಯುತ್ತೆ?
ಅದೇ ಗಾಡಿ. ಅಲ್ಲಿ ಹಯನು, ಇಲ್ಲಿ ಕುಡುಕ.
ಈ ಭಾಗಾಕಾರ ತಲೆಕೆಳಗು ಮಾಡಿಕೊಳ್ಳಲು
ಎರಡು ವರ್ಷ ಹಿಡಿಯಿತು ನನಗೆ.
ಈಗಲೂ ಪಂಪಿನ ಮುಂದೆ ತುಟಿ ಅಲ್ಲಾಡುತ್ತದೆ.

ಬೇಕಿದ್ದದ್ದು ದೊಡ್ಡ ಕಾರು:
ಕೊಲಾಕ್ ಆಸ್ಪತ್ರೆಯ ರಾತ್ರಿಪಾಳಿಗೆ ಹೋಗಿಬರಲು,
ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು
ಮೊಣಕೈ ತಾಗದಂತೆ ಜಗಳವಾಡಲು.
ನೋರ್ಲೇನಿನ ಒಂದೇ ಬೀದಿಯಲ್ಲಿ ಎರಡು ಮಾರಾಟಕ್ಕಿದ್ದವು.

ಆಂತೆ ಮರುಶಿಚ್‌ನ ಕಮೊಡೋರ್. ಆರು ಸಿಲಿಂಡರು,
ಮೂರು ಮೂರಾಗಿ ಎದುರುಬದುರು ವಾಲಿಕೊಂಡು.
ಪೆಟ್ರೋಲು ನೇರ ಉರಿಯುವ ಕೋಣೆಗೇ ಚಿಮ್ಮುತ್ತದೆ.
"ಆ ಹಳೇ ಇಂಜಿನ್ನು ಹೊಸ್ತಿಲ ಹೊರಗೆ ಬಡಿಸುತ್ತೆ,
ನಂದು ಬಾಯಿಗೇ ತುತ್ತಿಡುತ್ತೆ," ಅಂದ.
ಅಂದವನೇ ದನಿ ತಗ್ಗಿಸಿ,
"ಟೈಮಿಂಗ್ ಚೈನು ಮಾತ್ರ ಒಂದ್ಸಲ ಬದಲಿಸಿದೀನಿ."

ಎದುರುಮನೆಯ ಬೆವರ್ಲಿ ಪಾಸ್ಕೋಳ ಫಾಲ್ಕನ್.
ಆರೂ ಸಿಲಿಂಡರು ಪಂಕ್ತಿಗೆ ಕೂತ ಹಾಗೆ ಒಂದೇ ಸಾಲು,
ನಾಲ್ಕು ಲೀಟರಿನ ಹೊಟ್ಟೆ.
ಅದರ ಎರಕ ಈ ಊರಿನದೇ. ಅವಳ ಗಂಡ ಲಿಂಡ್ಸೆ
ಇಪ್ಪತ್ತೊಂಬತ್ತು ವರ್ಷ ಆ ಕುಲುಮೆಯ ಮುಂದೆ ನಿಂತವನು.
ಬಾನೆಟ್ಟು ಎತ್ತಲಿಲ್ಲ ಅವಳು.
ಗ್ಲವ್ ಬಾಕ್ಸಿನಿಂದ ಒಂದು ಪುಸ್ತಕ ತೆಗೆದು ಕೊಟ್ಟಳು.

ಪೆನ್ಸಿಲಿನ ಅಕ್ಷರ. ತಾರೀಕು, ಲೀಟರು, ಕಿಲೋಮೀಟರು, ಭಾಗಲಬ್ಧ.
ಹನ್ನೊಂದು ಪಾಯಿಂಟ್ ಎರಡು. ಹನ್ನೊಂದು ಪಾಯಿಂಟ್ ನಾಲ್ಕು.
ಒಂಬತ್ತು ಪಾಯಿಂಟ್ ಒಂದು: "ಮೌಂಟ್ ಗ್ಯಾಂಬಿಯರ್, ಹಿಂಗಾಳಿ."
ಹದಿಮೂರು: "ಬೆವ್ ಓಡಿಸಿದಳು."
ಹನ್ನೆರಡು: "ಮತ್ತೆ ಬೆವ್. ಸುಧಾರಿಸಿದ್ದಾಳೆ."
ಕಾರ್ಖಾನೆ ಮುಚ್ಚಿದ ವಾರ ಅಂಕಿಯಿಲ್ಲ,
"ಟ್ಯಾಂಕ್ ತುಂಬಿಸಿದೆ. ಎಲ್ಲೂ ಹೋಗಲಿಲ್ಲ."

ಆಮೇಲೆ ಹದಿನಾಲ್ಕು. ಹದಿನಾಲ್ಕೂವರೆ.
ಹದಿನೈದು ಪಾಯಿಂಟ್ ಎಂಟು.
ಇಂಜಿನ್ನಿಗೆ ಕಾಯಿಲೆ ಅಂದುಕೊಂಡೆ:
ಸೆನ್ಸರು ಕೆಟ್ಟಿದೆಯೋ, ಇಂಜೆಕ್ಟರು ಕಟ್ಟಿದೆಯೋ.
ಅಂಚಿನಲ್ಲಿ ಸಣ್ಣ ಸಣ್ಣ ಗೀಟು.
ಆರು ಹೋಗಲು, ಆರು ಬರಲು, ವಾರಕ್ಕೆ ಮೂರು ಸಲ.
ಬಿಸಿಯೇರುವ ಮುನ್ನವೇ ಆರಿಸಿ, ಐದು ಗಂಟೆ ನಿಲ್ಲಿಸಿ,
ಮತ್ತೆ ತಣ್ಣಗಿನದನ್ನೇ ಹೊರಡಿಸಿದರೆ
ಯಾವ ಇಂಜಿನ್ನೂ ಹಾಗೇ ಕುಡಿಯುತ್ತದೆ.
ನಾನು ನರ್ಸು.
ವಾರಕ್ಕೆ ಮೂರು ಸಲ, ಐದೈದು ಗಂಟೆ
ಅಂದರೇನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೊನೆಯ ಎರಡು ಪುಟ ಇಂಕಿನವು, ಬೇರೆ ಕೈಬರಹ.
ಭಾಗಿಸಿಲ್ಲ. ಬರೀ ಡಾಲರು.

ಆಂತೆ ಬೀದಿ ದಾಟಿ ಬಂದ.
"ನೂರಕ್ಕೆ ಒಂದೂವರೆ ಲೀಟರು ಕಡಿಮೆ ನಂದು,
ವರ್ಷಕ್ಕೆ ಎಷ್ಟಾಯ್ತು, ನೀನೇ ಗುಣಿಸು."
ಗುಣಿಸಿದ್ದೆ. ಕೊಡುವ ಲೆಕ್ಕದಲ್ಲೂ, ಕುಡಿಯುವ ಲೆಕ್ಕದಲ್ಲೂ.
ಎರಡರಲ್ಲೂ ಫಾಲ್ಕನ್ ಸೋತಿತ್ತು.
ಕಮೊಡೋರನ್ನೇ ಕೊಂಡೆ. ಚೈನಿನ ಹೆಸರು ಹೇಳಿ
ಐನೂರು ಡಾಲರು ಇಳಿಸಿ.

ಚಳಿಗಾಲ ಕಳೆದು, ಕೋರಿಯೋದ ಬಂಕಿನಲ್ಲಿ
ಪಕ್ಕದ ಪಂಪಿಗೆ ಅದೇ ಫಾಲ್ಕನ್ ಬಂದು ನಿಂತಿತು.
ಮಾರಿರಲಿಲ್ಲ. ಅಥವಾ ಯಾರೂ ಕೊಂಡಿರಲಿಲ್ಲ.
"ಎಷ್ಟು ಕುಡೀತಿದೆ ನಿಂದು?" ಅಂದಳು ಬೆವರ್ಲಿ.
"ಒಂಬತ್ತು ಪಾಯಿಂಟ್ ಒಂದು."
ನಾಲಗೆಯ ಒಳಗೆ ಮಾತ್ರ: ಹನ್ನೊಂದು ಕೊಡುತ್ತೆ.

ಅವಳು ಗ್ಲವ್ ಬಾಕ್ಸು ತೆರೆದಳು.
"ಈ ಭಾಗಿಸೋದು ನನಗೆ ಬರಲೇ ಇಲ್ಲ. ನೋಡು,
ನಲವತ್ತೆರಡು ಲೀಟರು, ಮುನ್ನೂರ ಹನ್ನೊಂದು ಕಿಲೋಮೀಟರು."
ಪೆನ್ಸಿಲು ಪುಸ್ತಕದ ಬೆನ್ನಿನೊಳಗೇ ಇತ್ತು, ಗಿಡ್ಡಗೆ, ಹಲ್ಲಿನ ಗುರುತಿನೊಂದಿಗೆ.
ಹಿಂದೆ ನಿಂತ ಯೂಟ್ ಹಾರ್ನ್ ಹೊಡೆಯಿತು.
"ಹದಿಮೂರೂವರೆ," ಅಂದೆ, ಬರೆದೆ.

"ಪಕ್ಕದಲ್ಲಿ ಬರಿ," ಅಂದಳು,
"ಬೆವ್ ಓಡಿಸಿದಳು."