ಹುರುಳಿ ಮೇಲೆ ಸೈಕಲ್ಲು

ಚಿಂತಾಮಣಿ ಮಂಡಿಯಲ್ಲಿ ವಾರಕ್ಕೆ ಆರು ದಿನ
ಟೊಮೆಟೊ ಕ್ರೇಟು ಎಣಿಸಿ ಚೀಟಿ ಬರೆಯುವವನು ನಾನು.
ಹರಾಜು ಕೂಗುವ ಅಮೀರ್‌ಜಾನನ ಗಂಟಲು
ನಿದ್ದೆಯಲ್ಲೂ ನನ್ನ ಕಿವಿಯಲ್ಲೇ ಬಾಡಿಗೆಗಿರುತ್ತದೆ,
ಅದರ ಪಕ್ಕದ ಕೋಣೆಯಲ್ಲಿ
ಹಿಂದಕ್ಕೆ ಬರುವ ಲಾರಿಗಳ ಕುಂಯ್ ಕುಂಯ್.

ಅದಕ್ಕೇ ಭಾನುವಾರ ನನಗೆ ಬೇಕಾದ್ದು
ಯಾರಿಗೂ ಬೇಡದ ರಸ್ತೆ.

ಅಂಥದ್ದನ್ನು ಹುಡುಕುವುದೂ ಒಂದು ವಿದ್ಯೆ.
ಬಸ್ಸಿನ ಬೋರ್ಡಿನಲ್ಲಿ ಅದರ ಊರಿನ ಹೆಸರಿರಬಾರದು.
ಕಲ್ಲು ಕ್ವಾರಿ ಇರಬಾರದು, ಡಾಬಾ ಇರಬಾರದು,
ಹಂಪಂತೂ ಕೂಡದು, ಹಂಪಿದ್ದರೆ
ಯಾರೋ ಎಲ್ಲಿಗೋ ಅವಸರದಲ್ಲಿದ್ದಾರೆ ಎಂದೇ ಅರ್ಥ.
ನಾಯಿ ರಸ್ತೆಯ ನಡುವೆ ಮಲಗಿದ್ದರೆ ಒಳ್ಳೆಯ ಗುರುತು.
ಬೆಲ್ಲು ಹೊಡೆದರೂ ಏಳದಿದ್ದರೆ
ನಾನೇ ಸುತ್ತು ಹಾಕಿ ಹೋಗುತ್ತೇನೆ, ಕೈ ಮುಗಿದು.

ಕೆಂಚಾರ್ಲಹಳ್ಳಿ ಕಡೆಯಿಂದ ಒಳಕ್ಕೆ ಬಿದ್ದೆ.
ಎಡಕ್ಕೆ ಬೋಳು ಬಂಡೆ, ಬಲಕ್ಕೆ ಹಿಪ್ಪುನೇರಳೆ.
ಮಾಗಿ ಚಳಿ. ಮೂಗು ನನ್ನದಲ್ಲ, ಬೆರಳೂ ನನ್ನದಲ್ಲ,
ಮೊಣಕಾಲು ಮಾತ್ರ ನನ್ನದೇ.
ನಿನ್ನೆಯೇ ಚೈನಿಗೆ ಎಣ್ಣೆ ಕುಡಿಸಿದ್ದೆ. ಹಾಗಾಗಿ
ಟಾರಿನ ಕಿವಿಯಲ್ಲಿ ಟಯರು ಪಿಸುಗುಟ್ಟುವುದು ಬಿಟ್ಟರೆ
ಒಂದು ಹುಳು ಮನೆಯ ಕಿಟಕಿಯೊಳಗಿಂದ
ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು.
ಆಕಾಶದಲ್ಲಿ ಮೋಡವಿಲ್ಲ, ಒಳಗೆಲ್ಲೋ ಜಡಿಮಳೆ.
ಕಾಲು ನೆಲಕ್ಕಿಟ್ಟು ಕೇಳಿದೆ. ಎಷ್ಟು ಹೊತ್ತೋ.

ತಿರುವಿನಾಚೆ ರಸ್ತೆಯೇ ಇರಲಿಲ್ಲ.
ಈ ಅಂಚಿನಿಂದ ಆ ಅಂಚಿಗೆ, ಮೊಣಕಾಲೆತ್ತರ,
ಹುರುಳಿ ಹಾಸಿತ್ತು.
ಪಕ್ಕದ ಕಲ್ಲಿನ ಮೇಲೆ ಮೊರ ಇಟ್ಟುಕೊಂಡು
ರಸ್ತೆಯನ್ನೇ ದುರುಗುಟ್ಟಿ ನೋಡುತ್ತ ಅಕ್ಕಲಮ್ಮ.
ಹೆಸರು ಆಮೇಲೆ ಗೊತ್ತಾದದ್ದು.
ಬೈಗುಳಕ್ಕೆ ತಯಾರಾಗಿ ನಾನು ಇಳಿದೆ.

"ಇಳೀಬೇಡ ನಾಯ್ನಾ! ಮೇಲೇ ಹೋಗು!
ಆರು ಗಂಟೆಗೆ ಹಾಸಿದ್ದು. ಹಾಲಿನ ಗಾಡಿ ಒಂದು ಹೋಯ್ತು, ಅಷ್ಟೆ.
ಇದೂ ಒಂದು ಊರು, ಇದಕ್ಕೂ ಒಂದು ರಸ್ತೆ!
ನನ್ನ ತಂಗಿ ಊರ ಮುಂದೆ ನೋಡು, ಹೈವೇ.
ಹಾಸಿ, ಕಾಫಿ ಕುಡಿದು ಬರೋದರಲ್ಲಿ
ಕಾಳು ಬೇರೆ, ಹೊಟ್ಟು ಬೇರೆ.
ಪುಣ್ಯ ಮಾಡಿದ್ದಾಳೆ ಮುಂಡೇದು."

ಯಾವುದಕ್ಕಾಗಿ ಇಪ್ಪತ್ತೆರಡು ಕಿಲೋಮೀಟರು ತುಳಿದೆನೋ
ಅದಕ್ಕೇ ಅವಳು ಹಿಡಿಶಾಪ ಹಾಕುತ್ತಿದ್ದಳು.

ಹತ್ತಿಸಿದೆ.
ಹುರುಳಿ ಮೇಲೆ ಸೈಕಲ್ಲು ಓಡುವುದಿಲ್ಲ, ಈಜುತ್ತದೆ.
ಬಳ್ಳಿ ಪೆಡಲಿಗೆ ತೊಡರಿತು, ಕಾಯಿ ಪಟಪಟ ಸಿಡಿಯಿತು,
ಧೂಳು ಹಲ್ಲಿನ ಸಂದಿಗೂ ಹೋಯಿತು.
ದಾಟಿ ತಿರುಗಿ ನೋಡಿದರೆ
ನನ್ನ ಇಡೀ ದುಡಿಮೆ ಹೆಬ್ಬೆರಳಗಲದ ಒಂದು ಗೆರೆ.

"ಇನ್ನೊಂದು ಸಲ," ಎಂದಳು ಅಕ್ಕಲಮ್ಮ.
"ಸ್ವಲ್ಪ ಈಚೆಗೆ. ಅಲ್ಲಲ್ಲ, ಆಚೆಗೆ.
ಮೊದಲಿನ ಗೆರೆ ಮೇಲೇ ಯಾಕೆ ಹೋಗ್ತೀಯ, ಅದಾಯ್ತಲ್ಲ!"
ಎಣಿಸುವುದು ನನ್ನ ಕಸುಬು: ನಲವತ್ತೊಂದು ಸಲ.
ನಡುವೆ ಎಲ್ಲೋ ಅವಳು ನಗತೊಡಗಿದ್ದಳು,
"ಲೋಕದವರು ಕುದುರೆಗೆ ಹುರುಳಿ ಇಟ್ಟರೆ
ನಾನು ಹುರುಳಿಗೇ ಕುದುರೆ ಇಟ್ಟೆನಲ್ಲಪ್ಪ!"

ನನ್ನ ಟೋಪಿಗೆ ಎರಡು ಬೊಗಸೆ ಕಾಳು ಸುರಿದಳು.
ಬೇಡವೆಂದರೆ ಕೇಳಲಿಲ್ಲ.
"ದಾರೀಲಿ ಯಾವುದಾದರೂ ಲಾರಿ ಸಿಕ್ಕರೆ
ಈ ಕಡೆ ಕಳಿಸು," ಎಂದಳು.
ನಾನು ಹೂಂ ಎಂದೆ, ಬಾಯಿಮಾತಿಗೆ.

ಮೋರಿಯ ಹತ್ತಿರ, ನೋಡಿ, ನಿಂತೇ ಇತ್ತು ಒಂದು.
ಕಡ್ಡಿಪುಡಿ ಜಗಿಯುತ್ತ ಡ್ರೈವರು ತಲೆ ಹೊರಹಾಕಿ
"ಅಣ್ಣಾ, ಈ ರಸ್ತೆ ಹೋಗುತ್ತಾ?" ಅಂದ.

ನನ್ನ ಬಾಯಲ್ಲೊಂದು ಹುರುಳಿ ಕಾಳು.
ಕಲ್ಲಿನಂಥದ್ದು, ಒಡೆಯಲು ಹೊತ್ತು ಹಿಡಿಯಿತು.
ಈ ವರ್ಷ ಒಬ್ಬ ಬಂದರೆ
ಮುಂದಿನ ವರ್ಷ ಹಂಪು ಬರುತ್ತದೆ, ನನಗೆ ಗೊತ್ತು.

"ಧಾರಾಳವಾಗಿ ಹೋಗುತ್ತೆ," ಎಂದೆ.
"ತಿರುವಿನಾಚೆ ಹುರುಳಿ ಇದೆ, ನಿಲ್ಲಿಸಬೇಡ.
ಮೇಲೇ ಹೋಗು."